ಕಾಳಿಯ ಕಲ್ಲು ಓದಿಸಿದ ಹಿರಿಯರಿಗೆ

ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರು ವೀರಗಲ್ಲಿನ ಮುಂದೆ ನಿಂತು ನನಗೆ ಹಳಗನ್ನಡವನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದಿರಲ್ಲ, ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್ ಸರ್. ಹೆಸರು ಕೇಳಿದರೆ ಸುಮ್ನೆ ನಕ್ಕು ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಾಡುತ್ತಿರುವ ಗ್ರಾಫಿಕ್ ಕಾದಂಬರಿ ಕಾಳಿ ಎಂಬ ಬೇಟೆನಾಯಿಯದು. ತಕ್ಕೋಲದ ಯುದ್ಧದಲ್ಲಿ ಚೋಳರು ಸೋತ ಮೇಲೆ, ಏನು ಬೇಕೋ ಕೇಳು ಎಂದರೆ ಗಂಗರ ದೊರೆ ಬೂತುಗನ ವೀರ ಮಣಲೇರ ಕೇಳಿದ್ದು ಈ ನಾಯಿಯನ್ನು! ಆಮೇಲೆ ಬೆಳತೂರಿನ ಪಡುವಣ ದಿಬ್ಬದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಸತ್ತವು. ಈ ಕಥೆ ಹೇಳುವ ಆತಕೂರಿನ ಕಲ್ಲು ಕ್ರಿ.ಶ. 949-50ರದು. ಅಷ್ಟು ನನಗೆ ಗೊತ್ತಿತ್ತು.

ಕೊನೆಯ ಸಾಲುಗಳು ಮಾತ್ರ ನೀವು ಕೊಟ್ಟಿದ್ದು. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದಂತೆ. ಒಂದು ನಾಯಿಗೆ ದಿನಾ ಪೂಜೆ, ಎಂಥ ಪ್ರೀತಿ ಅಲ್ವಾ? ಯುದ್ಧದ ಪುಟಗಳೇ ಜಾಸ್ತಿ ಇದ್ದ ನನ್ನ ಪುಸ್ತಕಕ್ಕೆ ಈಗ ಒಬ್ಬ ಗೊರವ ಬಂದಿದ್ದಾನೆ. ಅನ್ನ ಬಡಿಸಿಟ್ಟು, ಹೂ ಹಿಡಿದು ಕಲ್ಲಿನ ಕಡೆ ಹೊರಟಿದ್ದಾನೆ. ಆ ಪುಟಕ್ಕೆ ಮಾತೇ ಬರೆದಿಲ್ಲ.

ಪುಸ್ತಕ ಬಂದಾಗ ಮೊದಲ ಪ್ರತಿ ನಿಮಗೇ. ಇದನ್ನು ಓದಿದರೆ ದಯವಿಟ್ಟು ಒಂದು ಮಾತು ತಿಳಿಸಿ ಸರ್.