ಅಪಘಾತದ ನಂತರದ ಕೃತಕ ಮಸೂರ ಅಳವಡಿಕೆಯ ಕ್ಲೇಮ್ ತಿರಸ್ಕರಿಸಿರುವ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ನಿವಾರಣಾಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ, ಬೆಂಗಳೂರು ಶಾಖೆ

ಮಾನ್ಯರೆ,

ಪೀಣ್ಯದಲ್ಲಿ ಸ್ವಂತ ಲೇತ್ ಕಾರ್ಯಾಗಾರ ನಡೆಸುತ್ತಿರುವ ನನ್ನ ಎಡಗಣ್ಣಿಗೆ ಕಬ್ಬಿಣದ ಚೂರು ಸಿಡಿದು, ಒಳಗಿನ ಸಹಜ ಮಸೂರ ಒಡೆದುಹೋದ ವಿವರ ತಮ್ಮ ಕಡತದಲ್ಲಿಯೇ ಇದೆ. ಗಾಯಕ್ಕೆ ಹೊಲಿಗೆ ಹಾಕಿ ಒಡೆದ ಮಸೂರವನ್ನು ತೆಗೆದ ಮೊದಲ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ತಾವು ತಕರಾರಿಲ್ಲದೆ ಭರಿಸಿದ್ದೀರಿ. ಉರಿಯೂತ ಇಳಿದ ಮೇಲೆ ಅದೇ ಕಣ್ಣಿಗೆ ಕೃತಕ ಮಸೂರ ಅಳವಡಿಸಿದ್ದಕ್ಕೆ ಮಾತ್ರ, ಇದು ದೃಷ್ಟಿದೋಷದ ತಿದ್ದುಪಡಿಯೆಂದು ಒಂದೇ ಸಾಲು ಬರೆದು ಕ್ಲೇಮ್ ತಿರಸ್ಕರಿಸಿದ್ದೀರಿ.

ತಾವು ಆಧಾರವಾಗಿಟ್ಟುಕೊಂಡ ಷರತ್ತನ್ನು ನಾನೂ ಓದಿದ್ದೇನೆ. ಅದು ಹೊರಗಿಡುವುದು 7.5 ಡಯಾಪ್ಟರ್‌ಗಿಂತ (ಕನ್ನಡಕದ ಪವರ್ ಅಳೆಯುವ ಮಾನ) ಕಡಿಮೆ ಇರುವ ದೃಷ್ಟಿದೋಷದ ಚಿಕಿತ್ಸೆಯನ್ನು. ಮಸೂರವೇ ಇಲ್ಲದ ಕಣ್ಣಿಗೆ ಸಾಮಾನ್ಯವಾಗಿ +10ರಿಂದ +12 ಡಯಾಪ್ಟರ್ ಕನ್ನಡಕ ಬೇಕಾಗುತ್ತದೆ. ನನ್ನ ತಪಾಸಣಾ ವರದಿಯಲ್ಲಿ +11 ಎಂದು ಸ್ಪಷ್ಟವಾಗಿ ನಮೂದಾಗಿದೆ. ಕನ್ನಡಕದಲ್ಲೇ ಸುಧಾರಿಸಬಹುದಿತ್ತಲ್ಲ ಎಂದು ತಮ್ಮ ಸಿಬ್ಬಂದಿಯೊಬ್ಬರು ಫೋನಿನಲ್ಲಿ ಹೇಳಿದರು. ಅಂಥ ಕನ್ನಡಕ ಹಾಕಿದರೆ ಎಡಗಣ್ಣಿಗೆ ಪ್ರತಿಯೊಂದೂ ಸುಮಾರು ಕಾಲುಭಾಗ ದೊಡ್ಡದಾಗಿ ಕಾಣುವುದರಿಂದ, ಬಲಗಣ್ಣಿನ ನೋಟದೊಂದಿಗೆ ಅದು ಹೊಂದಿಕೊಳ್ಳದೆ, ಕೈಯಲ್ಲಿರುವ ಒಂದು ಬೋಲ್ಟ್ ಎರಡಾಗಿ ಕಾಣುತ್ತಿತ್ತು. ವರ್ನಿಯರ್ ಕ್ಯಾಲಿಪರ್‌ನ ಗೆರೆ ಓದುವುದಂತೂ ದೂರದ ಮಾತು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಗಾಯದ ಕಲೆ ಉಳಿದಿದ್ದರಿಂದ ಕಾಂಟ್ಯಾಕ್ಟ್ ಲೆನ್ಸ್ ಸರಿಯಾಗಿ ಕೂರಲಿಲ್ಲ. ಮಸೂರವನ್ನು ಹಿಡಿದಿಡುವ ತೆಳುವಾದ ಚೀಲವೂ ಹರಿದಿದ್ದ ಕಾರಣ, ಕೃತಕ ಮಸೂರವನ್ನು ಕಣ್ಣಿನ ಬಿಳಿಗೋಡೆಗೆ ಹೊಲಿದೇ ನಿಲ್ಲಿಸಬೇಕಾಯಿತು. ಕನ್ನಡಕ ಬೇಡವೆಂದು ಲೇಸರ್ ಮಾಡಿಸಿಕೊಳ್ಳುವವರ ಸಾಲಿಗೆ ಇದನ್ನು ಸೇರಿಸುವುದು ಯಾವ ನ್ಯಾಯ?

ನಾನು ಆಕ್ಷೇಪಿಸಿದ ಮೇಲೆ ಕಾರಣವೇ ಬದಲಾಗಿ, ಕಣ್ಣಿನ ಪೊರೆಯ (ಕ್ಯಾಟರ್ಯಾಕ್ಟ್) ಚಿಕಿತ್ಸೆಗೆ ಪಾಲಿಸಿ ಆರಂಭವಾದ ಮೇಲೆ 24 ತಿಂಗಳ ಕಾಯುವ ಅವಧಿ ಇದೆಯೆಂಬ ಇಮೇಲ್ ಬಂದಿತು. ಅಪಘಾತದಿಂದ ಉಂಟಾದ ಕ್ಲೇಮ್‌ಗಳಿಗೆ ಆ ಅವಧಿ ಅನ್ವಯಿಸುವುದಿಲ್ಲವೆಂದು ತಮ್ಮ ಪಾಲಿಸಿಯ ಅದೇ ಪುಟದಲ್ಲಿ ಅಚ್ಚಾಗಿದೆ. ಎರಡು ಹಂತಗಳಲ್ಲಿ ಚಿಕಿತ್ಸೆ ಮಾಡಿದ್ದು ವೈದ್ಯಕೀಯ ಕಾರಣಕ್ಕೆ. ಗಾಯದ ಉರಿಯೂತ ಆರುವ ಮೊದಲೇ ಮಸೂರ ಕೂರಿಸುವುದು ಅಪಾಯವೆಂದು ಶಸ್ತ್ರಚಿಕಿತ್ಸಕರು ಮೊದಲ ಡಿಸ್ಚಾರ್ಜ್ ಪತ್ರದಲ್ಲಿಯೇ ಬರೆದಿದ್ದಾರೆ. ತಾವು ಹಣ ಕೊಟ್ಟದ್ದೂ ಅದೇ ಪತ್ರದ ಆಧಾರದ ಮೇಲೆ.

ಆದ್ದರಿಂದ ಈ ಕ್ಲೇಮನ್ನು ನೇತ್ರತಜ್ಞರೊಬ್ಬರಿಂದ ಮರುಪರಿಶೀಲನೆ ಮಾಡಿಸಿ ಪೂರ್ಣ ಮೊತ್ತ ಪಾವತಿಸಬೇಕೆಂದೂ, ಮತ್ತೆ ನಿರಾಕರಿಸುವುದಾದರೆ ಯಾವ ಷರತ್ತು, ಯಾವ ಕಾರಣ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇನೆ. ಒಂದು ತಿಂಗಳೊಳಗೆ ಸಮರ್ಪಕ ಉತ್ತರ ಬಾರದಿದ್ದಲ್ಲಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸುತ್ತೇನೆ. ಎರಡೂ ಡಿಸ್ಚಾರ್ಜ್ ಪತ್ರಗಳು, ತಪಾಸಣಾ ವರದಿ, ಬಿಲ್ಲು ಹಾಗೂ ಮಸೂರದ ಪವರ್ ಮತ್ತು ಕ್ರಮಸಂಖ್ಯೆ ಇರುವ ಸ್ಟಿಕ್ಕರ್‌ನ ಪ್ರತಿಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಪಾಲಿಸಿದಾರ