ಗೇಟ್ ಲಾಡ್ಜ್ ವಸತಿಗೃಹವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಸ್ಕಾಟ್‌ಲೆಂಡ್ ಪ್ರವಾಸ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ ಬ್ಯಾನ್ಫ್ ಪಟ್ಟಣದ ‘ಕೊಲಿ ಲಾಡ್ಜ್’ ಅನ್ನು ಅದರಲ್ಲಿ ‘ಹಳೆಯ ವಸತಿಗೃಹ’ ಎಂದು ಕರೆದಿರುವುದು ಸರಿಯಲ್ಲ. ಲಾಡ್ಜ್ ಎಂದೊಡನೆ ನಮಗೆ ಬಸ್ ನಿಲ್ದಾಣದ ಎದುರಿನ ಬಾಡಿಗೆ ಕೋಣೆಗಳು ನೆನಪಾಗುವುದು ಸಹಜವೇ. ಆದರೆ ಕೊಲಿ ಲಾಡ್ಜ್ ಒಂದು ಗೇಟ್ ಲಾಡ್ಜ್, ಅಂದರೆ ಜಮೀನ್ದಾರರ ಭವನದ ಹೆಬ್ಬಾಗಿಲಲ್ಲಿ ಕಾವಲುಗಾರನ ಸಂಸಾರಕ್ಕೆಂದು ಕಟ್ಟಿದ ಪುಟ್ಟ ಮನೆ.

ಕೊಲಿ ಲಾಡ್ಜ್ ಡಫ್ ಹೌಸ್ ಎಂಬ ಅಂಥ ಭವನಕ್ಕೆ ಸೇರಿದ್ದಾಗಿತ್ತು. ಡಫ್ ಹೌಸ್ ಕಟ್ಟಡವನ್ನು ವಾಸ್ತುಶಿಲ್ಪಿ ವಿಲಿಯಂ ಆ್ಯಡಂ 1735ರಲ್ಲಿ ಆರಂಭಿಸಿದ. ಖರ್ಚಿನ ವಿಷಯದಲ್ಲಿ ಮನೆಯೊಡೆಯನಿಗೂ ವಾಸ್ತುಶಿಲ್ಪಿಗೂ ಮೊಕದ್ದಮೆಯೇ ನಡೆದು, ಇಕ್ಕೆಲದ ಪಾರ್ಶ್ವ ಕಟ್ಟಡಗಳು ಕೊನೆಗೂ ಮೇಲೇಳಲಿಲ್ಲ. (ಮನೆ ಕಟ್ಟಿ ನೋಡು ಎಂಬ ಮಾತು ಶ್ರೀಮಂತರನ್ನೂ ಬಿಟ್ಟಿಲ್ಲ.) ಲಾಡ್ಜ್ ಬಂದದ್ದು ಸುಮಾರು ನೂರು ವರ್ಷಗಳ ಬಳಿಕ, 1836ರಲ್ಲಿ, ವಿನ್ಯಾಸ ಎಲ್ಗಿನ್ ಊರಿನ ವಿಲಿಯಂ ರಾಬರ್ಟ್‌ಸನ್‌ನದು. ದೊಡ್ಡ ಮನೆ ಆಡಂಬರದ ಬರೋಕ್ ಶೈಲಿಯಲ್ಲಿ, ಎಲೆಗೆತ್ತನೆಯ ಕೊರಿಂಥಿಯನ್ ಅಲಂಕಾರದಿಂದ ಮೆರೆಯುತ್ತಿದ್ದರೂ ಅವನು ಅದನ್ನು ಅನುಕರಿಸದೆ, ಆಗ ಸ್ಕಾಟ್‌ಲೆಂಡಿನಲ್ಲೆಲ್ಲ ಹಬ್ಬಿದ್ದ ಪ್ರಾಚೀನ ಗ್ರೀಕ್ ಶೈಲಿಯ ಒಲವಿಗೆ ತಕ್ಕಂತೆ, ಸರಳವಾದ ಡೋರಿಕ್ ಕಂಬಗಳ ಒಂದಂತಸ್ತಿನ ಗುಡಿಯಂಥ ಕಟ್ಟಡವನ್ನು ನಿಲ್ಲಿಸಿದ. ಗೇಟು ಕಾಯುವವನಿಗೆ ದೇವಾಲಯದ ಮುಖವಿರುವ ಮನೆ! ಅವನ ಸುಖಕ್ಕಿಂತ ಬರುವ ಅತಿಥಿಯ ಕಣ್ಣಿಗೇ ಇಲ್ಲಿ ಹೆಚ್ಚಿನ ಮರ್ಯಾದೆ ಸಂದಿದೆ ಎಂದು ನನಗನ್ನಿಸುತ್ತದೆ.

ಎಲ್ಲ ಲಾಡ್ಜ್‌ಗಳೂ ಹೀಗಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕೋಟೆಗಳನ್ನು ನೆನಪಿಸುವ ಬರೋನಿಯಲ್ ಶೈಲಿ ಬಳಕೆಗೆ ಬಂದು, ಇಳಿಜಾರು ಮಾಡಿನ ಅಂಚಿಗೆ ಮೆಟ್ಟಿಲಿನಂತೆ ಏರುವ ಕಲ್ಲಿನ ‘ಕಾಗೆ ಮೆಟ್ಟಿಲು’ಗಳೂ ಪುಟ್ಟ ಗೋಪುರಗಳೂ ಸೇರಿದವು. ದಾರಿಯ ಎರಡೂ ದಿಕ್ಕಿಗೆ ನೋಟವಿರಲೆಂದು ಕಿಟಕಿಯನ್ನು ಗೋಡೆಯಿಂದ ಹೊರಚಾಚಿ ಇಡುತ್ತಿದ್ದುದೂ ಉಂಟು. ಸಾರೋಟು ಕಂಡೊಡನೆ ಗೇಟು ತೆರೆಯಬೇಕಾದವರಿಗೆ ಅದು ಕೆಲಸದ ಸಲಕರಣೆಯೇ ಆಗಿತ್ತು. ಹೆಬ್ಬಾಗಿಲಿನ ಎರಡು ಮಗ್ಗುಲಿಗೂ ಜೋಡಿ ಲಾಡ್ಜ್ ಇದ್ದಲ್ಲಿ ಸಮಮಿತಿಯೇನೋ ಸೊಗಸು, ಆದರೆ ಒಂದೇ ಸಂಸಾರ ಎರಡನ್ನೂ ಬಳಸಬೇಕಾಗಿ ಬಂದರೆ ಉಣ್ಣುವುದು ಈಚೆ, ಮಲಗುವುದು ಆಚೆ.

ಎಸ್ಟೇಟುಗಳು ಒಡೆದಾಗ ಇಂಥ ಎಷ್ಟೋ ಮನೆಗಳು ಬೇರೆಯಾಗಿ ಮಾರಾಟವಾದವು. ಕೊಲಿ ಲಾಡ್ಜ್ ಈಗ ಊರ ಬೀದಿಯ ಪಕ್ಕದಲ್ಲಿದೆ. ಪ್ರವಾಸಿ ಮಾಹಿತಿ ಕೇಂದ್ರವಾಗಿಯೂ ಬಳಕೆಯಾಗಿತ್ತು. ಸ್ಕಾಟ್‌ಲೆಂಡಿನಲ್ಲಿ ಸಂರಕ್ಷಿತ ಕಟ್ಟಡಗಳಿಗೆ ಎ, ಬಿ, ಸಿ ಎಂಬ ಮೂರು ದರ್ಜೆಗಳಿದ್ದು, ಅವುಗಳ ಸ್ವರೂಪದ ಮೇಲೆ ಪರಿಣಾಮ ಬೀರುವಂಥ ಬದಲಾವಣೆಗೆ ಅನುಮತಿ ಬೇಕು. ಆದರೂ ಎರಡು ಕೋಣೆಯ ಮನೆ ಇಂದಿನ ಸಂಸಾರಕ್ಕೆ ಸಾಲದು. ಬೆಳೆಸಲೇಬೇಕಿದ್ದರೆ ಹಿಂಬದಿಗೆ, ಮೂಲ ಮಾಡಿಗಿಂತ ತಗ್ಗಾಗಿ ಬೆಳೆಸಬೇಕೆಂಬುದು ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿದ ನನ್ನ ಅಭಿಪ್ರಾಯ. ಸುಣ್ಣದ ಗಾರೆಯ ಸಂದುಗಳಿಗೆ ಸಿಮೆಂಟ್ ಮೆತ್ತುವುದಂತೂ ಕೂಡದು: ತೇವ ಹೊರಬರಲಾಗದೆ ಮೆದು ಮರಳುಗಲ್ಲಿನ ಮೈ ಪದರಪದರವಾಗಿ ಉದುರುತ್ತದೆ. ನಮ್ಮ ಹಳೆಯ ಗಾರೆ ಕಟ್ಟಡಗಳಲ್ಲಿಯೂ ಇದೇ ತಪ್ಪನ್ನು ಕಂಡಿದ್ದೇನೆ.

ಮುಂದಿನ ಪುರವಣಿಯಲ್ಲಿ ‘ವಸತಿಗೃಹ’ ಎಂಬುದನ್ನು ‘ಹೆಬ್ಬಾಗಿಲ ಕಾವಲುಮನೆ’ ಎಂದು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಸಿವಿಲ್ ಎಂಜಿನಿಯರ್, ಮೈಸೂರು