ಗ್ರಂಥಾಲಯ ತೆರೆದಿದೆ, ಗೇಟು ಮುಚ್ಚಿದೆ

ಮಾನ್ಯರೆ,

ಉದ್ಯಾನದ ಹೊಸ ವೇಳಾಪಟ್ಟಿ ‘ಸಾರ್ವಜನಿಕರ ಹಿತದೃಷ್ಟಿಯಿಂದ’ ಜಾರಿಗೆ ಬಂದಿದೆ ಎಂಬ ಅಧಿಕಾರಿಗಳ ಮಾತನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. ಓದಿದ್ದು ಅದೇ ಉದ್ಯಾನದ ಗೇಟಿನ ಹೊರಗೆ, ಬಿಸಿಲಿನಲ್ಲಿ ನಿಂತುಕೊಂಡು.

ವರದಿಯಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಗ್ರಂಥಾಲಯ ಇರುವುದು ಉದ್ಯಾನದ ಒಳಗೆ. ಉದ್ಯಾನ ತೆರೆಯುವುದು ಬೆಳಿಗ್ಗೆ 5ರಿಂದ 9, ಸಂಜೆ 5ರಿಂದ 8. ಗ್ರಂಥಾಲಯದ ಸಮಯ ಬೆಳಿಗ್ಗೆ 10ರಿಂದ ಸಂಜೆ 5. ಇಷ್ಟು ಕರಾರುವಾಕ್ಕಾಗಿ ತಪ್ಪು ಮಾಡಲು ಯಾರೋ ಬಹಳ ಶ್ರಮಪಟ್ಟಿರಬೇಕು.

ನಿನ್ನೆ ಪುಸ್ತಕ ಹಿಂದಿರುಗಿಸಲು ನನಗೆ ಕೊನೆಯ ದಿನ. ಮಂಡಿನೋವಿನಲ್ಲೇ ಕೈಚೀಲ ಹಿಡಿದು ಬಂದರೆ, ‘ಸಿಬ್ಬಂದಿಗೆ ಮಾತ್ರ ಪ್ರವೇಶ ಸರ್, ಆದೇಶ ಇದೆ’ ಎಂದ ಕಾವಲುಗಾರ. ಕಿಟಕಿಯಿಂದ ನನ್ನನ್ನು ಕಂಡ ಗ್ರಂಥಪಾಲಕರು, ಪಾಪ, ತಾವೇ ಗೇಟಿನವರೆಗೆ ಬಂದರು. ಕಂಬಿಗಳ ಸಂದಿಯಲ್ಲಿ ಎರಡು ತೆಳ್ಳಗಿನ ಪುಸ್ತಕ ತೂರಿಸಿದೆ. ಮೂರನೆಯದು ದಪ್ಪ ರಟ್ಟಿನದು. ಅಡ್ಡ ಹಿಡಿದರೂ ಉದ್ದ ಹಿಡಿದರೂ ಒಳಗೆ ಹೋಗಲಿಲ್ಲ. ಈಗ ಅದು ಮನೆಯಲ್ಲಿದೆ, ದಂಡ ಏರುತ್ತಿದೆ. ಪಕ್ಕದಲ್ಲೇ ಪರೀಕ್ಷೆಗೆ ಓದುವ ನಾಲ್ಕೈದು ಹುಡುಗರು ಪಾದಚಾರಿ ಮಾರ್ಗದಲ್ಲಿ ನೋಟ್ಸ್ ಹರಡಿಕೊಂಡು ಕುಳಿತಿದ್ದರು. ಮನೆಯಲ್ಲಿ ಮೇಜು ಹಾಕಲು ಜಾಗವಿಲ್ಲದವರಿಗೆ ಓದುವ ಕೋಣೆ ಎಂದರೆ ಇದೊಂದೇ. ಕಣ್ಣು ದಣಿದರೆ ಹೊರಗಿನ ಮರದ ನೆರಳು. ಒಂದೇ ಬೀಗ ಜಡಿದು ಎರಡನ್ನೂ ಕಿತ್ತುಕೊಂಡರು.

ಉದ್ಯಾನದವರನ್ನು ಕೇಳಿದರೆ ಗ್ರಂಥಾಲಯ ಬೇರೆ ಇಲಾಖೆ. ಗ್ರಂಥಾಲಯದವರನ್ನು ಕೇಳಿದರೆ ಗೇಟು ಅವರದಲ್ಲ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಿ ಮಾಡುವಾಗ ಮಾತ್ರ ಯಾರಿಗೂ ಗೊಂದಲವಿಲ್ಲ.

ಪುಸ್ತಕ ಇರುವುದು ಬಳಕೆಗೆ, ಓದುಗರ ಸಮಯ ಉಳಿಸಿ ಎಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಗ್ರಂಥಾಲಯಗಳಿಗಾಗಿ ರೂಪಿಸಿದ ಐದು ಸೂತ್ರಗಳಲ್ಲಿ 1931ರಲ್ಲೇ ಬರೆದಿಟ್ಟರು. ಆ ಮಹನೀಯರು ಮೊದಲು ಗಣಿತದ ಮೇಷ್ಟ್ರಾಗಿದ್ದವರು. ನಮ್ಮ ಗೇಟಿನ ಲೆಕ್ಕ ಅವರಿಂದಲೂ ಬಗೆಹರಿಯುತ್ತಿರಲಿಲ್ಲ. ಗ್ರಂಥಾಲಯದ ಸಮಯ ಬಳಕೆದಾರರಿಗೆ ಅನುಕೂಲವಾಗಿರಬೇಕು ಎಂದು ಯುನೆಸ್ಕೋದ 1994ರ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಹೇಳುತ್ತದೆ. ಇಲ್ಲಿ ಅನುಕೂಲವಾಗಿರುವುದು ಬೀಗಕ್ಕೆ.

ಹಳೆಯದನ್ನು ಕೆದಕಿದರೆ ಇದಕ್ಕಿಂತ ದೊಡ್ಡ ಪತ್ರವಾಗುತ್ತದೆ. ಸೋರುವ ಚಾವಣಿಯ ಕೆಳಗೆ ಎರಡು ಮಳೆಗಾಲದ ಹಿಂದೆ ಇಟ್ಟ ಬಕೆಟ್ ಇನ್ನೂ ನಿಯತಕಾಲಿಕೆಗಳ ಕಪಾಟಿನ ಪಕ್ಕದಲ್ಲಿದೆ. ನಡಿಗೆ ಪಥದ ಕಲ್ಲುಗಳನ್ನು ಮೂರು ಸಲ ಕಿತ್ತು ಮೂರು ಸಲ ಹಾಸಿದರು. ಮುರಿದ ಬೆಂಚಿಗೆ ಅನುದಾನವಿಲ್ಲ, ಉದ್ಘಾಟನೆಯ ಫಲಕಕ್ಕೆ ಇದೆ. ನಾನು ಕೊಟ್ಟ ಅರ್ಜಿಗಳೆಲ್ಲ ‘ಪರಿಶೀಲನೆಯಲ್ಲಿ’ ಇವೆ, ಪರಿಶೀಲಿಸುವವರು ಎಲ್ಲಿದ್ದಾರೋ!

ಗೇಟಿನ ಕೀಲಿಕೈಯನ್ನು ಗ್ರಂಥಪಾಲಕರ ಕೈಗೆ ಕೊಡಲಿ. ಅದಾಗದಿದ್ದರೆ ಗ್ರಂಥಾಲಯದ ಸಮಯವನ್ನು ಬದಲಿಸಲಿ, ಇಲ್ಲವೇ ಉದ್ಯಾನವನ್ನು ಮೊದಲಿನಂತೆ ದಿನವಿಡೀ ತೆರೆಯಲಿ. ಏನಾದರೊಂದು ಮಾಡಲಿ. ಅದೂ ಕಷ್ಟವೆಂದರೆ ಕಂಬಿಗಳ ಸಂದಿಯನ್ನಾದರೂ ಅಗಲ ಮಾಡಿಕೊಡಲಿ.

– ದಪ್ಪ ಪುಸ್ತಕದ ಓದುಗ